ಕುಸಿದರೂ ಮಟ್ಟಕ್ಕೆ ತರಬಹುದಾದ ಪಾಯ: ದ್ರವೀಕರಣದ ನೆಲದಲ್ಲಿ 131 ದಿನಗಳ ಕೆಲಸದ ದಾಖಲೆ

ಪಾಯದ ಕೆಲಸ ಆರಂಭವಾಗಿ ನಿನ್ನೆಗೆ 131 ದಿನಗಳಾದವು. ಕಾಂಕ್ರೀಟ್ ಹಾಸು ಗಟ್ಟಿಯಾಗಿದೆ, ಅದರ ಮೇಲಿನ ಉಕ್ಕಿನ ಗೂಟಗಳು ನಿಂತಿವೆ, ಗೂಟಗಳ ಮೇಲೆ ನೆಲಗಟ್ಟಿನ ಮರದ ಚೌಕಟ್ಟು ಮಟ್ಟಕ್ಕೆ ಬಂದು ಕುಳಿತಿದೆ. ಭೂಕಂಪದ ಪ್ರದೇಶದಲ್ಲಿ, ನಡುಕಕ್ಕೆ ದ್ರವದಂತಾಗಿಬಿಡುವ (ದ್ರವೀಕರಣ ಎಂದರೆ ಇದೇ), ನೀರು ತುಂಬಿದ ಸಡಿಲ ಮರಳಿನ ಮೇಲೆ ಮನೆ ಕಟ್ಟಲು ಹೊರಟವರಿಗೆ ನೆರವಾಗಲೆಂದು ನಾವು ಮಾಡಿದ್ದನ್ನೂ ಮಾಡಿ ಕೆಡಿಸಿದ್ದನ್ನೂ ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ. ದರಗಳು ಊರಿಂದೂರಿಗೆ ಬದಲಾಗುವುದರಿಂದ ಖರ್ಚನ್ನು ಹಣದ ಲೆಕ್ಕದಲ್ಲಿ ಕೊಡದೆ, ಪಾಯದ ಒಟ್ಟು ವೆಚ್ಚವನ್ನು 100 ಎಂದಿಟ್ಟುಕೊಂಡು ಪಾಲುಗಳಲ್ಲಿ ಕೊಟ್ಟಿದ್ದೇನೆ.

ಮನೆ ಒಂದೇ ಅಂತಸ್ತಿನದು: 12 ಮೀಟರ್ ಉದ್ದ, 9 ಮೀಟರ್ ಅಗಲ, ಮರದ ಚೌಕಟ್ಟಿನ ಗೋಡೆಗಳು, ತಗಡಿನ ಹಗುರವಾದ ಚಾವಣಿ. ನಿವೇಶನವು ನದಿ ಹಿಂದೆಂದೋ ಹರಿದು ಬಿಟ್ಟುಹೋದ ಮೆಕ್ಕಲು ಬಯಲಿನಲ್ಲಿದ್ದು, ಪೂರ್ವಕ್ಕೆ 40 ಮೀಟರ್ ದೂರದಲ್ಲಿ ಎರಡು ಮೀಟರ್ ಆಳದ ಕಾಲುವೆಯೊಂದಿದೆ.

ಹಂತ 1 (ದಿನ 1ರಿಂದ 14): ಮಣ್ಣಿನ ಪರೀಕ್ಷೆ. ಪಾಲು 6

ಮೊದಲ ತಪ್ಪು ಇಲ್ಲಿಯೇ ಆಯಿತು. ಬೇಸಗೆಯಲ್ಲಿ ಒಂದು ಮೀಟರ್ ಆಳದ ಗುಂಡಿ ತೋಡಿ, ತಳದಲ್ಲಿ ಕಬ್ಬಿಣದ ಫಲಕವಿಟ್ಟು ಭಾರ ಹೇರಿ ನೋಡಿದಾಗ ನೆಲ ಗಟ್ಟಿಯಾಗಿಯೇ ಕಂಡಿತು. ಸಾಮಾನ್ಯವಾದ ಕಲ್ಲಿನ ಪಾಯ ಸಾಕೆಂದು ಅನುಭವಿ ಮೇಸ್ತ್ರಿಯೊಬ್ಬರು ಹೇಳಿದರು, ನಾನೂ ಒಪ್ಪಿಕೊಂಡಿದ್ದೆ. ಆ ಪರೀಕ್ಷೆ ಹೇಳುವುದು ಮೇಲಿನ ಒಂದೆರಡು ಮೀಟರ್ ಮಣ್ಣು ಶಾಂತವಾಗಿರುವಾಗ ಎಷ್ಟು ಭಾರ ಹೊರುತ್ತದೆ ಎಂಬುದನ್ನು ಮಾತ್ರ. ನೆಲ ನಡುಗಿದಾಗ ಅದರ ಕೆಳಗಿನ ಮರಳು ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಮಣ್ಣಿನ ಎಂಜಿನಿಯರ್ ಒಬ್ಬರನ್ನು ಕರೆಸಿ, 12 ಮೀಟರ್ ಆಳದ ಮೂರು ಕೊಳವೆಗಳನ್ನು ಕೊರೆಸಿ, ಪ್ರತಿ ಮೀಟರಿಗೊಮ್ಮೆ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ಮಾಡಿಸಿದೆವು. 63.5 ಕಿಲೋ ತೂಕದ ಸುತ್ತಿಗೆಯನ್ನು 750 ಮಿ.ಮೀ. ಎತ್ತರದಿಂದ ಬೀಳಿಸುತ್ತಾ, ಮಾದರಿ ಕೊಳವೆ 450 ಮಿ.ಮೀ. ಇಳಿಯುವಾಗ ಕೊನೆಯ 300 ಮಿ.ಮೀ.ಗೆ ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುವುದೇ ಈ ಪರೀಕ್ಷೆ. ಪೆಟ್ಟು ಕಡಿಮೆಯಾದಷ್ಟೂ ಮಣ್ಣು ಸಡಿಲ.

ಸಿಕ್ಕಿದ್ದು ಇಷ್ಟು. ಮೇಲಿನ 0.6 ಮೀಟರ್ ತುಂಬು ಮಣ್ಣು. ಅಲ್ಲಿಂದ 1.5 ಮೀಟರ್‌ವರೆಗೆ ಮೆತ್ತನೆಯ ಜೇಡಿ. 1.5ರಿಂದ 5.5 ಮೀಟರ್‌ವರೆಗೆ ಸಡಿಲವಾದ ನುಣುಪು ಮರಳು, ಪೆಟ್ಟುಗಳು 5ರಿಂದ 8. 5.5ರಿಂದ 7 ಮೀಟರ್‌ವರೆಗೆ ಹೂಳು ಬೆರೆತ ಮರಳು, ಪೆಟ್ಟುಗಳು 11ರಿಂದ 14. ಏಳು ಮೀಟರ್ ಕೆಳಗೆ ಬಿಗಿಯಾದ ಮರಳು, ಪೆಟ್ಟುಗಳು 28ಕ್ಕೂ ಹೆಚ್ಚು. ಅಂತರ್ಜಲ ಬೇಸಗೆಯಲ್ಲಿ 1.4 ಮೀಟರ್ ಆಳದಲ್ಲಿದ್ದು, ಮಳೆಯ ನಂತರ 0.9ಕ್ಕೆ ಏರುತ್ತದೆ.

ಎರಡನೆಯ ಕೊಳವೆಯಲ್ಲಿ ನಾಲ್ಕು ಮೀಟರ್ ಆಳದಲ್ಲಿ ಎರಡೇ ಪೆಟ್ಟು ದಾಖಲಾಯಿತು. ಅದನ್ನು ನಾವು ಹಾಗೆಯೇ ಬರೆದುಕೊಳ್ಳುತ್ತಿದ್ದೆವು; ಎಂಜಿನಿಯರ್ ತಡೆದರು. ಕೊರೆಯುವವರು ಊಟಕ್ಕೆ ಹೋಗಿದ್ದಾಗ ಕೊಳವೆಯೊಳಗಿನ ನೀರು ಹೊರಗಿನ ಮಟ್ಟಕ್ಕಿಂತ ಕೆಳಗಿಳಿದು, ತಳದ ಮರಳು ಮೇಲಕ್ಕೆ ಉಕ್ಕಿ ಸಡಿಲವಾಗಿತ್ತು. ಪಕ್ಕದಲ್ಲೇ ಮತ್ತೆ ಕೊರೆದು, ಕೊಳವೆಯನ್ನು ಸದಾ ಬಾಯಿಮಟ್ಟ ತುಂಬಿಟ್ಟು ಪರೀಕ್ಷಿಸಿದಾಗ ಏಳು ಪೆಟ್ಟು ಬಂತು. ಮರಳಿನಲ್ಲಿ ಕೊರೆಸುವವರು ಈ ಒಂದು ಸಂಗತಿಯನ್ನು ನಿಂತು ನೋಡಲೇಬೇಕು.

ಹಂತ 2 (ದಿನ 15ರಿಂದ 30): ಏನು ಕಟ್ಟಬೇಕೆಂಬ ತೀರ್ಮಾನ

ಮೂರು ಮೀಟರ್ ಆಳದ ಲೆಕ್ಕವೊಂದೇ ಸಾಕಾಯಿತು. ನೆಲದ ವೇಗೋತ್ಕರ್ಷ ಗುರುತ್ವದ ಕಾಲು ಭಾಗ, ಭೂಕಂಪದ ಪ್ರಮಾಣ 7.5, ನೀರು ಒಂದು ಮೀಟರ್ ಆಳದಲ್ಲಿ ಎಂದು ಹಿಡಿದರೆ, ನಡುಕ ಹೇರುವ ಒತ್ತಡದ ಅನುಪಾತ ಸುಮಾರು 0.24, ಆರು ಪೆಟ್ಟಿನ ಮರಳು ತಡೆಯಬಲ್ಲದ್ದು ಸುಮಾರು 0.10. ಅಂದರೆ ಬೇಕಾದುದರಲ್ಲಿ ಅರ್ಧಕ್ಕಿಂತ ಕಡಿಮೆ. ಆ ಮರಳು ಖಂಡಿತ ದ್ರವದಂತಾಗುತ್ತದೆ. ತಡೆದುಕೊಳ್ಳಬೇಕಾದರೆ ಅಲ್ಲಿ 18 ಪೆಟ್ಟು ಬರುವಷ್ಟು ಬಿಗಿಯಾಗಿಸಬೇಕಿತ್ತು. ದ್ರವೀಕರಣದ ನಂತರ ಮರಳು ಮತ್ತೆ ಕೂರುವಾಗ ನೆಲ ಒಟ್ಟು 140 ಮಿ.ಮೀ. ಕುಸಿಯಬಹುದು, ಮನೆಯ ಒಂದು ತುದಿಗೂ ಇನ್ನೊಂದು ತುದಿಗೂ 70 ಮಿ.ಮೀ.ವರೆಗೆ ವ್ಯತ್ಯಾಸ ಬರಬಹುದು ಎಂದು ಎಂಜಿನಿಯರ್ ಅಂದಾಜು ಕೊಟ್ಟರು.

ಮೂರು ದಾರಿಗಳಿದ್ದವು. ಬಿಗಿಯಾದ ಪದರದವರೆಗೆ ಪೈಲ್, ಅಂದರೆ ಆಳದ ಕಂಬಗಳನ್ನು, ಇಳಿಸುವುದು ಒಂದು. ಪೈಲ್ ಎಂದರೆ ಭದ್ರ ಎಂಬ ನಂಬಿಕೆ ಬಲವಾಗಿದೆ, ಆದರೆ ಸುತ್ತಲಿನ ಮರಳು ದ್ರವವಾದಾಗ ಪೈಲಿಗೆ ಪಕ್ಕದ ಆಸರೆ ತಪ್ಪುತ್ತದೆ. ಮೇಲಿನ ಗಟ್ಟಿ ಪದರ ಕಾಲುವೆಯ ಕಡೆಗೆ ಜಾರಿದರೆ ಪೈಲ್‌ಗಳ ತಲೆಯನ್ನೂ ಜೊತೆಗೆ ಎಳೆದು ಬಗ್ಗಿಸುತ್ತದೆ. ಎರಡನೆಯದು ಕಲ್ಲಿನ ಕಂಬಗಳನ್ನು ತುರುಕಿ ಇಡೀ ಮರಳನ್ನು ಬಿಗಿಗೊಳಿಸುವುದು. ತಾಂತ್ರಿಕವಾಗಿ ಉತ್ತಮ ಮಾರ್ಗ, ಆದರೆ ಒಂದು ಪುಟ್ಟ ಮನೆಗಾಗಿ ಅಷ್ಟು ದೊಡ್ಡ ಯಂತ್ರವನ್ನು ತರಿಸುವುದು ನಮ್ಮ ಕೈಗೆಟುಕಲಿಲ್ಲ. ಮೂರನೆಯದನ್ನು ಆರಿಸಿಕೊಂಡೆವು: ಮೇಲ್ಪದರವನ್ನು 1.2 ಮೀಟರ್ ದಪ್ಪದ, ಜಿಯೋಗ್ರಿಡ್ (ಜಲ್ಲಿಯನ್ನು ಬಿಗಿಹಿಡಿಯುವ ಜಾಲರಿ) ಹಾಸಿ ದಮ್ಮಸು ಮಾಡಿದ ಜಲ್ಲಿಯ ಹಾಸಿನಿಂದ ಗಟ್ಟಿಗೊಳಿಸಿ, ಅದರ ಮೇಲೆ 300 ಮಿ.ಮೀ. ದಪ್ಪದ ಒಂದೇ ತುಂಡು ಕಾಂಕ್ರೀಟ್ ಹಾಸು, ಹಾಸಿನ ಮೇಲೆ ಎತ್ತರ ಹೊಂದಿಸಬಹುದಾದ ಗೂಟಗಳು, ಅವುಗಳ ಮೇಲೆ ಮನೆ.

ಹಾಸು ಗಟ್ಟಿಯಿದ್ದರೆ ಸಾಲದೇ, ಗೂಟಗಳೇಕೆ ಎಂದು ಹಲವರು ಕೇಳಿದರು. 1964ರ ಜೂನ್‌ನಲ್ಲಿ ಜಪಾನಿನ ನೀಗಾತಾದ ಭೂಕಂಪದಲ್ಲಿ ನಡೆದದ್ದು ನನ್ನ ಮನಸ್ಸಿನಲ್ಲಿತ್ತು. ಅಲ್ಲಿ ಕಾಂಕ್ರೀಟಿನ ವಸತಿ ಕಟ್ಟಡಗಳು ಹೆಚ್ಚೇನೂ ಒಡೆಯದೆ, ಇಡಿಯಾಗಿ ವಾಲಿ ಮಲಗಿದವು. ಕಟ್ಟಡ ಗಟ್ಟಿಯಾಗಿತ್ತು, ನೆಲ ಕೈಕೊಟ್ಟಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2010ರ ಸೆಪ್ಟೆಂಬರಿನ ಭೂಕಂಪದಲ್ಲಿ ಮರಳು ಉಕ್ಕಿದ ನಿವೇಶನಗಳಲ್ಲೇ 2011ರ ಫೆಬ್ರವರಿಯ ಭೂಕಂಪದಲ್ಲಿ ಮತ್ತೆ ಉಕ್ಕಿತು. ಒಮ್ಮೆ ದ್ರವವಾದ ನೆಲ ಮತ್ತೊಮ್ಮೆ ಆಗುವುದಿಲ್ಲ ಎನ್ನುವಂತಿಲ್ಲ. ಆದ್ದರಿಂದ ನಾನು ಕೇಳಿಕೊಂಡದ್ದು ಎರಡೇ: ಮನೆ ಇಳಿದರೆ ಇಡಿಯಾಗಿ ಇಳಿಯಬೇಕು, ಇಳಿದ ಮೇಲೆ ಒಡೆಯದೆ, ಒಂದಕ್ಕಿಂತ ಹೆಚ್ಚು ಬಾರಿ ಮಟ್ಟಕ್ಕೆ ತರಲು ಬರಬೇಕು.

ಕಾಲುವೆಯ ಕಡೆಗೆ ನೆಲ ಜಾರುವ ಅಪಾಯ ದೂರ ಹೆಚ್ಚಿದಂತೆ ಕಡಿಮೆಯಾಗುವುದರಿಂದ ಮನೆಯನ್ನು ನಕ್ಷೆಯಲ್ಲಿ 15 ಮೀಟರ್ ಪಶ್ಚಿಮಕ್ಕೆ ಸರಿಸಿದೆವು. ಹಿತ್ತಿಲು ದೊಡ್ಡದಾಯಿತು, ಮುಂದಿನ ಅಂಗಳ ಹೋಯಿತು. ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಸಿಕ್ಕ ರಕ್ಷಣೆ ಇದೊಂದೇ.

ಹಂತ 3 (ದಿನ 31ರಿಂದ 44): ಪಾಯ ತೋಡಿದ್ದು, ತಳ ಉಕ್ಕಿದ್ದು. ಪಾಲು 9, ಅಂದಾಜಿನಲ್ಲಿ ಇರಲೇ ಇಲ್ಲ

ಜಲ್ಲಿಯ ಹಾಸು ಮನೆಯಿಂದ ಎಲ್ಲ ಕಡೆಗೂ ಒಂದು ಮೀಟರ್ ಹೊರಚಾಚಬೇಕಿತ್ತು, ಅಂದರೆ 14 × 11 ಮೀಟರ್. 31ನೆಯ ದಿನ ಯಂತ್ರದಿಂದ 1.2 ಮೀಟರ್ ಆಳಕ್ಕೆ ತೋಡಲು ಆರಂಭಿಸಿದೆವು. ಅಷ್ಟರಲ್ಲಿ ಎರಡು ಮಳೆ ಬಿದ್ದು ನೀರು 0.9 ಮೀಟರಿಗೆ ಏರಿತ್ತು. ಮೂಲೆಯಲ್ಲಿ ಗುಂಡಿ ಮಾಡಿ ಪಂಪಿನಿಂದ ನೀರು ಎತ್ತುತ್ತಾ ಹೋದರೆ ಸಾಕೆಂದು ನಾನೇ ಹೇಳಿದ್ದೆ.

33ನೆಯ ದಿನ ಬೆಳಿಗ್ಗೆ ತಳಕ್ಕಿಳಿದು ನಡೆದಾಗ ನೆಲ ಕಾಲ ಕೆಳಗೆ ತೊನೆಯುತ್ತಿತ್ತು. ಒಂದು ಕಡೆ ಊರಿದರೆ ಎರಡು ಮಾರು ಆಚೆ ನಿಧಾನವಾಗಿ ಉಬ್ಬುತ್ತಿತ್ತು. ನನ್ನ ಹೆಜ್ಜೆ ಗುರುತೊಂದರಲ್ಲಿ ಮೊದಲು ನೀರು ಜಿನುಗಿತು. ಆಮೇಲೆ ಹೆಬ್ಬೆರಳು ಗಾತ್ರದ ತೂತು ಬಿದ್ದು, ಅದರಿಂದ ಬೂದು ಬಣ್ಣದ ನುಣುಪು ಮರಳು ನೀರಿನೊಂದಿಗೆ ಮೇಲೆದ್ದು ಸುತ್ತಲೂ ಇರುವೆ ಗೂಡಿನ ಬಾಯಿಯಂತೆ ಗುಪ್ಪೆಯಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅಂಥವು ಹನ್ನೊಂದಾದವು. ಭೂಕಂಪದಲ್ಲಿ ಆಗುವುದನ್ನು ನಾವು ಒಂದು ಪಂಪಿನಿಂದ ಮಾಡಿಕೊಂಡಿದ್ದೆವು.

ಕಾರಣ ಸರಳವಾಗಿತ್ತು, ಮೊದಲೇ ಲೆಕ್ಕ ಹಾಕಬಹುದಿತ್ತು. ಮರಳು 1.5 ಮೀಟರಿನಲ್ಲಿ ಆರಂಭ. ನಾವು 1.2 ತೋಡಿದ ಮೇಲೆ ಉಳಿದ ಜೇಡಿ ಮುನ್ನೂರೇ ಮಿ.ಮೀ., ಅದರ ತೂಕ ಚದರ ಮೀಟರಿಗೆ ಸುಮಾರು 5.4 ಕಿಲೋನ್ಯೂಟನ್. ಕೆಳಗಿನ ಮರಳಿನಲ್ಲಿರುವ ನೀರು 0.9 ಮೀಟರ್ ಮಟ್ಟದ್ದಾದ್ದರಿಂದ ಮೇಲ್ಮುಖವಾಗಿ ಸುಮಾರು 5.9 ಒತ್ತುತ್ತದೆ. ಜೇಡಿಯ ಮೇಲಿನ ನೀರನ್ನು ಎಷ್ಟು ಎತ್ತಿದರೂ ಅದರ ಕೆಳಗಿನ ಒತ್ತಡ ಇಳಿಯುವುದಿಲ್ಲ. ಎತ್ತಿದಷ್ಟೂ ತಳ ಹಗುರವಾಗಿ ಬೇಗ ಉಕ್ಕುತ್ತದೆ.

ಪಂಪ್ ನಿಲ್ಲಿಸಿ ಗುಂಡಿಯಲ್ಲಿ ನೀರು ತುಂಬಲು ಬಿಟ್ಟೆವು. ನೀರೇ ತಳವನ್ನು ಅದುಮಿ ಹಿಡಿಯಲಿ ಎಂಬುದು ಎಂಜಿನಿಯರ್ ಫೋನಿನಲ್ಲಿ ಕೊಟ್ಟ ಸಲಹೆ, ಅದು ಸರಿಯಾಗಿತ್ತು. 36ನೆಯ ದಿನದಿಂದ ಗುಂಡಿಯ ಸುತ್ತ 1.5 ಮೀಟರಿಗೊಂದರಂತೆ 38 ಸಣ್ಣ ಕೊಳವೆಗಳನ್ನು ನಾಲ್ಕು ಮೀಟರ್ ಆಳಕ್ಕೆ ನೀರಿನ ರಭಸದಿಂದ ಇಳಿಸಿ, ತುದಿಗೆ ಸೂಕ್ಷ್ಮ ಜಾಲರಿ ಸುತ್ತಿ, ಎಲ್ಲವನ್ನೂ ಒಂದೇ ಹೀರುಪಂಪಿಗೆ ಜೋಡಿಸಿದೆವು. ನಾಲ್ಕು ದಿನಗಳ ನಂತರ ನೀರು 1.9 ಮೀಟರಿಗೆ ಇಳಿಯಿತು. ಹೊರಬರುವ ನೀರನ್ನು ಮೊದಲು ಡ್ರಮ್ಮಿಗೆ ಬಿಟ್ಟು, ದಿನಕ್ಕೆರಡು ಬಾರಿ ತಳದಲ್ಲಿ ಮರಳು ಕೂತಿದೆಯೇ ಎಂದು ಕೈಹಾಕಿ ನೋಡುತ್ತಿದ್ದೆ. ಎರಡು ಕೊಳವೆಗಳ ಜಾಲರಿ ಹರಿದಿದ್ದು ಹಾಗೆ ಗೊತ್ತಾಯಿತು. ಉಕ್ಕಿ ಹಾಳಾದ ತಳದ ಮಣ್ಣನ್ನು ಕೈಯಿಂದಲೇ ಕೆರೆದು ತೆಗೆದೆವು.

ಈ ಹಂತದ ಪಶ್ಚಾತ್ತಾಪ ದೊಡ್ಡದು. 0.8 ಮೀಟರ್ ಮಾತ್ರ ತೋಡಿ, ಜಲ್ಲಿಯ ಹಾಸನ್ನು ನೆಲದಿಂದ 0.4 ಮೀಟರ್ ಮೇಲಕ್ಕೆ ಏರಿಸಿದ್ದರೆ, 0.7 ಮೀಟರ್ ಜೇಡಿ ಹಾಗೆಯೇ ಉಳಿಯುತ್ತಿತ್ತು. ಅದರ ತೂಕ ನೀರಿನ ಒತ್ತಡದ ಎರಡರಷ್ಟಾಗುತ್ತಿತ್ತು, ಒಂದು ಕೊಳವೆಯನ್ನೂ ಇಳಿಸಬೇಕಾಗಿರಲಿಲ್ಲ, ಮರಳಿನ ಮೇಲಿನ ಗಟ್ಟಿ ಪದರವೂ ದಪ್ಪವಾಗುತ್ತಿತ್ತು. ಪಾಯವೆಂದರೆ ತೋಡುವುದು ಎಂಬ ರೂಢಿ ನಮ್ಮ ಕಣ್ಣು ಕಟ್ಟಿತ್ತು. ಇಂಥ ನೆಲದಲ್ಲಿ ನಿಸರ್ಗವೇ ಹಾಸಿಟ್ಟ ಜೇಡಿಯ ಹೊದಿಕೆಯನ್ನು ಕೀಳುವ ಮುನ್ನ ಹತ್ತು ಸಲ ಯೋಚಿಸಬೇಕು.

ಹಂತ 4 (ದಿನ 45ರಿಂದ 66): ಜಲ್ಲಿಯ ಹಾಸು. ಪಾಲು 38

ತಳದಲ್ಲಿ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಮೊದಲ ಜಿಯೋಗ್ರಿಡ್, 400 ಮಿ.ಮೀ. ಎತ್ತರದಲ್ಲಿ ಎರಡನೆಯದು, ಪಟ್ಟಿಗಳ ಅಂಚುಗಳು ಒಂದರ ಮೇಲೊಂದು 500 ಮಿ.ಮೀ. ಬರುವಂತೆ. 40 ಮಿ.ಮೀ. ದಪ್ಪದಿಂದ ಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತ ಜಲ್ಲಿಯನ್ನು, ದಮ್ಮಸಿನ ನಂತರ 200 ಮಿ.ಮೀ. ಬರುವಂತೆ ಆರು ಪದರಗಳಲ್ಲಿ ಹಾಕುವುದು ಯೋಜನೆ.

ಇಲ್ಲಿ ಮೂರು ತಪ್ಪುಗಳಾದವು. ಮೊದಲ ಪದರದ ಮೇಲೆ ರೋಲರಿನ ಕಂಪನ ಹಾಕಿದ ಕೂಡಲೇ ಜಲ್ಲಿಯ ಸಂದಿಗಳಿಂದ ನೀರು ಮೇಲೆದ್ದು ಹೊಳೆಯತೊಡಗಿತು, ರೋಲರ್ ಒಂದು ಕಡೆಗೆ ವಾಲಿತು. ಕೆಳಗಿನ ಒದ್ದೆ ಮರಳನ್ನು ನಾವೇ ನಡುಗಿಸುತ್ತಿದ್ದೆವು. ಆ ಪದರವನ್ನು ತೆಗೆದು, ಮೊದಲ ಎರಡು ಪದರಗಳಿಗೆ ಕಂಪನವಿಲ್ಲದೆ ಭಾರದಿಂದಷ್ಟೇ ಉರುಳಿಸಿದೆವು, ಮೂರನೆಯದರಿಂದ ಕಂಪನ ಹಾಕಿದೆವು. ಎರಡನೆಯದು ಅವಸರದ ತಪ್ಪು. ಮಳೆ ಬರುವಂತಿದ್ದುದರಿಂದ ನಾಲ್ಕನೆಯ ಪದರವನ್ನು 250ರ ಬದಲು 350 ಮಿ.ಮೀ. ಸಡಿಲ ದಪ್ಪಕ್ಕೆ ಹರಡಿ ಉರುಳಿಸಿಬಿಟ್ಟೆವು. ನೋಡಲು ಗಟ್ಟಿಯಾಗಿಯೇ ಇತ್ತು, ಹಾರೆ ಹಾಕಿದರೂ ಠಣ್ ಎನ್ನುತ್ತಿತ್ತು. ಆದರೆ ಸಣ್ಣ ಗುಂಡಿ ತೋಡಿ ಮರಳು ತುಂಬಿ ಸಾಂದ್ರತೆ ಅಳೆದಾಗ, ಗರಿಷ್ಠ ಸಾಂದ್ರತೆಯ 95 ಪ್ರತಿಶತ ಇರಬೇಕಾದ್ದು 91 ಬಂತು. ತೆಗೆದು ಎರಡು ಪದರವಾಗಿ ಮತ್ತೆ ಹಾಕಿದೆವು, ಮೂರು ದಿನ ಹೋಯಿತು. ಮೂರನೆಯದು ಲೆಕ್ಕದ ತಪ್ಪು: 14 × 11 × 1.2 ಎಂದರೆ 185 ಘನ ಮೀಟರ್ ಎಂದು 190 ತರಿಸಿದ್ದೆ. ಅದು ದಮ್ಮಸಾದ ಮೇಲಿನ ಅಳತೆ. ಸಡಿಲವಾಗಿ ತರಿಸುವಾಗ 230ರಷ್ಟು ಬೇಕು. ಕೊನೆಯ ಲಾರಿಗಳಿಗಾಗಿ ಕಾಯುತ್ತಾ ಹೀರುಪಂಪನ್ನು ಐದು ದಿನ ಹೆಚ್ಚು ಓಡಿಸಬೇಕಾಯಿತು.

ಜಲ್ಲಿ ನೆಲಮಟ್ಟಕ್ಕೆ ಬಂದ ಮೇಲೆ ಪಂಪನ್ನು ಒಮ್ಮೆಗೇ ನಿಲ್ಲಿಸದೆ, ದಿನಕ್ಕೆ ಆರೇಳು ಕೊಳವೆಗಳಂತೆ ಮುಚ್ಚುತ್ತಾ ಬಂದೆವು.

ಹಂತ 5 (ದಿನ 67ರಿಂದ 80): ಕೊಳಾಯಿಗಳು ಮತ್ತು ಶೌಚದ ತೊಟ್ಟಿ. ಪಾಲು 5

ನೆಲ ಕುಸಿದಾಗ ಮೊದಲು ತುಂಡಾಗುವುದು ಕೊಳವೆಗಳು. ನೀರು, ಶೌಚ, ವಿದ್ಯುತ್ ಎಲ್ಲವನ್ನೂ ಮನೆಯ ಒಂದೇ ಬದಿಯಿಂದ ತಂದು, ಹಾಸಿನ ಅಂಚಿನಲ್ಲಿ ಬಾಗುವ ಜೋಡಣೆ ಹಾಕಿದೆವು. ಕೊಳವೆಗಳು ಜಲ್ಲಿಯಲ್ಲಿ ಹೂತಿಲ್ಲ, ಹಾಸಿನ ಮೇಲಿನ ಖಾಲಿ ಜಾಗದಲ್ಲಿ ನೆಲಗಟ್ಟಿನಿಂದ ತೂಗುಬಿದ್ದಿವೆ. ಶೌಚದ ಕೊಳವೆಗೆ 60ಕ್ಕೆ 1 ಇಳಿಜಾರು ಸಾಕಾಗಿದ್ದರೂ 40ಕ್ಕೆ 1 ಕೊಟ್ಟೆವು. ಮನೆ ಸ್ವಲ್ಪ ವಾಲಿದರೂ ನೀರು ಹಿಂದಕ್ಕೆ ಬರಬಾರದು.

ತೊಟ್ಟಿಯ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪಾಗಿತ್ತು. ದ್ರವವಾದ ಮಣ್ಣಿನಲ್ಲಿ ಮೂರು ಘನ ಮೀಟರಿನ ಪ್ಲಾಸ್ಟಿಕ್ ತೊಟ್ಟಿಯನ್ನು ಮೇಲಕ್ಕೆತ್ತುವ ಬಲ ಐದೂವರೆ ಟನ್ನಿಗೂ ಹೆಚ್ಚು. ತಳಕ್ಕೆ ಅಗಲವಾದ ಕಾಂಕ್ರೀಟ್ ಬಿಲ್ಲೆ ಕಟ್ಟಿದರೆ ಅದರ ಮೇಲಿನ ಮಣ್ಣು ಅದುಮಿ ಹಿಡಿಯುತ್ತದೆ ಎಂದುಕೊಂಡಿದ್ದೆ. ಆದರೆ ಆ ಮಣ್ಣೇ ದ್ರವವಾದಾಗ ಅದು ಹಿಡಿಯುವುದಾದರೂ ಏನನ್ನು? ತೊಟ್ಟಿಯ ಕೆಳಗೂ ಸುತ್ತಲೂ 600 ಮಿ.ಮೀ. ದಪ್ಪಕ್ಕೆ ದ್ರವವಾಗದ, ನೀರು ಸುಲಭವಾಗಿ ಹಾಯುವ ಜಲ್ಲಿ ತುಂಬಿಸಿದೆವು.

ಹಂತ 6 (ದಿನ 81ರಿಂದ 115): ಕಾಂಕ್ರೀಟ್ ಹಾಸು. ಪಾಲು 34

ಕೆಳಗಿನ ನೆಲ ಎಲ್ಲಿಯಾದರೂ ನಾಲ್ಕು ಮೀಟರ್ ಅಗಲಕ್ಕೆ ಟೊಳ್ಳಾದರೂ, ಅಂಚಿನಲ್ಲಿ ಎರಡು ಮೀಟರ್ ಆಸರೆ ತಪ್ಪಿದರೂ ಹಾಸು ಬಾಗದೆ ನಿಲ್ಲಬೇಕು ಎಂಬುದು ವಿನ್ಯಾಸದ ಷರತ್ತು. 300 ಮಿ.ಮೀ. ದಪ್ಪ, 12 ಮಿ.ಮೀ. ಕಂಬಿಗಳು 150 ಮಿ.ಮೀ.ಗೆ ಒಂದರಂತೆ ಎರಡೂ ದಿಕ್ಕಿಗೆ, ಮೇಲೆ ಕೆಳಗೆ ಎರಡು ಬಲೆ. ಕಂಬಿ ಒಟ್ಟು 2.8 ಟನ್, ಕಾಂಕ್ರೀಟ್ 33 ಘನ ಮೀಟರ್. ಹಾಸಿನ ಅಡಿಭಾಗ ಪೂರ್ತಿ ಸಪಾಟಾಗಿದೆ, ಒಂದು ತೊಲೆಯೂ ಕೆಳಗೆ ಚಾಚಿಲ್ಲ. ಜಲ್ಲಿಯ ಮೇಲೆ ತೆಳ್ಳಗೆ ಮರಳು ಹರಡಿ ಎರಡು ಪದರ ಪಾಲಿಥಿನ್ ಹಾಸಿದ್ದೇವೆ. ನೆಲ ಪಕ್ಕಕ್ಕೆ ಹಿಗ್ಗಿದರೆ ಹಾಸನ್ನು ಸೀಳದೆ ಅಡಿಯಲ್ಲಿ ಜಾರಿಹೋಗಲಿ ಎಂಬ ಉದ್ದೇಶದಿಂದ.

ಮೇಲಿನ ಬಲೆಯನ್ನು ಎತ್ತಿ ಹಿಡಿಯುವ ಕುರ್ಚಿಗಳು ಕಡಿಮೆಯಿದ್ದು, ಕಂಬಿ ಕಟ್ಟುವವರು ಓಡಾಡಿದ ಕಡೆ ಬಲೆ 40 ಮಿ.ಮೀ. ತಗ್ಗಿತ್ತು. ಅಂಚು ಗಾಳಿಯಲ್ಲಿ ತೂಗುವಾಗ ಭಾರ ಹೊರುವುದು ಈ ಮೇಲಿನ ಬಲೆಯೇ. ಕಾಂಕ್ರೀಟ್ ಬರುವ ಹಿಂದಿನ ಸಂಜೆ ಟೇಪು ಹಿಡಿದು ಅಳೆದಿದ್ದರಿಂದ ಕಣ್ಣಿಗೆ ಬಿತ್ತು. ರಾತ್ರಿ ದೀಪ ಹಾಕಿಕೊಂಡು 60 ಕುರ್ಚಿಗಳನ್ನು ಹೆಚ್ಚಿಗೆ ಬಗ್ಗಿಸಿ ಕಟ್ಟಿದೆವು. 90ನೆಯ ದಿನ ಆರು ಗಂಟೆಗಳಲ್ಲಿ, ನಡುವೆ ಎಲ್ಲೂ ನಿಲ್ಲಿಸದೆ ಸುರಿದು ಮುಗಿಸಿದೆವು. ಮೂರು ವಾರ ಗೋಣಿ ಹೊದಿಸಿ ನೀರುಣಿಸಿದ್ದಾಯಿತು.

ಹಾಸಿನಲ್ಲಿ ಆರು ಕಡೆ ಹಿತ್ತಾಳೆಯ ಗುಬುಟುಗಳನ್ನು ಹೂತು ಮಟ್ಟ ದಾಖಲಿಸುತ್ತಿದ್ದೇವೆ. ಮೊದಲು ಹೋಲಿಕೆಗೆ ಬೇಲಿಯ ಕಲ್ಲುಕಂಬವೊಂದರ ಮೇಲೆ ಗುರುತು ಹಾಕಿದ್ದೆ. ನೆಲ ಕುಸಿದರೆ ಆ ಕಂಬವೂ ಕುಸಿಯುತ್ತದೆ ಎಂಬುದು ಎರಡು ವಾರದ ನಂತರ ಹೊಳೆಯಿತು. ಈಗ ಒಂದು ಉಕ್ಕಿನ ಸರಳನ್ನು, ಮೇಲಿನ ಮಣ್ಣು ತಾಗದಂತೆ ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು, 8.5 ಮೀಟರ್ ಆಳದ ಬಿಗಿ ಮರಳಿಗೆ ಇಳಿಸಿದ್ದೇವೆ.

ಹಂತ 7 (ದಿನ 116ರಿಂದ 131): ಗೂಟಗಳು ಮತ್ತು ಎತ್ತುವ ಪ್ರಯೋಗ. ಪಾಲು 8

ಹಾಸಿನ ಮೇಲೆ 49 ಉಕ್ಕಿನ ಗೂಟಗಳು, ಎತ್ತರ 500 ಮಿ.ಮೀ.; ಪ್ರತಿಯೊಂದರ ತಲೆಯಲ್ಲಿ ತಿರುಪು, ತಿರುಪಿನ ಓಟ 120 ಮಿ.ಮೀ. ಗೂಟಗಳು ಅಡ್ಡಕ್ಕೆ ಅಲುಗದಂತೆ ಎರಡೂ ದಿಕ್ಕಿಗೆ ಒಟ್ಟು ಎಂಟು ಕಡೆ ಓರೆಪಟ್ಟಿಗಳಿವೆ. ಇವಿಲ್ಲದಿದ್ದರೆ ಮೊದಲ ನಡುಕಕ್ಕೇ ಮನೆ ಗೂಟಗಳ ಮೇಲಿಂದ ಜಾರುತ್ತದೆ. ಮಟ್ಟ ಹೊಂದಿಸುವಾಗ ಅವುಗಳ ಬೋಲ್ಟು ಸಡಿಲಿಸಿ, ಮುಗಿದ ಕೂಡಲೇ ಬಿಗಿಯಬೇಕು.

ಖರ್ಚು ಒಟ್ಟಾರೆ ಮೊದಲಿನ ಅಂದಾಜಿಗಿಂತ 18 ಪ್ರತಿಶತ ಹೆಚ್ಚಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಇಳಿಸಿದ್ದಕ್ಕೆ, ಉಳಿದದ್ದು ಜಲ್ಲಿಯ ತಪ್ಪುಗಳಿಗೆ.

129ನೆಯ ದಿನ, ಗೋಡೆ ಏರುವ ಮೊದಲೇ, ಈಶಾನ್ಯ ಮೂಲೆಯನ್ನು ಬೇಕೆಂದೇ 25 ಮಿ.ಮೀ. ಎತ್ತಿ ನೋಡಿದೆವು. ಐದು ಟನ್ನಿನ ನಾಲ್ಕು ಜ್ಯಾಕ್‌ಗಳು, ಒಂದು ಸುತ್ತಿನಲ್ಲಿ ಐದು ಮಿ.ಮೀ.ಗಿಂತ ಹೆಚ್ಚಿಲ್ಲ, ಪ್ರತಿ ಸುತ್ತಿನ ನಂತರ ತಿರುಪು ಹೊಂದಿಕೆ. ಎತ್ತಿ ಮತ್ತೆ ಇಳಿಸಲು ಇಬ್ಬರಿಗೆ ಮೂರೂವರೆ ಗಂಟೆ ಹಿಡಿಯಿತು, ಇಳಿಸಿದ ಮೇಲೆ ಗುರುತುಗಳೆಲ್ಲ ಎರಡು ಮಿ.ಮೀ. ಒಳಗೆ ಮೊದಲಿನ ಜಾಗಕ್ಕೆ ಬಂದವು. ಆದರೆ ಶೌಚಾಲಯದ ಕೆಳಗಿನ ಎರಡು ಗೂಟಗಳ ಪಕ್ಕ ಜ್ಯಾಕ್ ಇಡಲು ಜಾಗವೇ ಸಿಗಲಿಲ್ಲ. ನಾವೇ ತೂಗುಹಾಕಿದ ಕೊಳವೆ ಸರಿಯಾಗಿ ಅಡ್ಡ ಬರುತ್ತಿದೆ. ನೆಲಗಟ್ಟಿನ ಹಲಗೆ ಬಡಿಯುವ ಮೊದಲು ಆ ಕೊಳವೆಯನ್ನು 300 ಮಿ.ಮೀ. ದಕ್ಷಿಣಕ್ಕೆ ಸರಿಸಬೇಕು. ನಾಳೆಯ ಕೆಲಸ ಅದು.